ನಿಧಾನ ಕ್ವೆರಿಗೆ ಪ್ರೊಸೀಜರ್ ಮದ್ದೇ?

ಕ್ವೆರಿ ನಿಧಾನವಾದ ಕೂಡಲೇ "ಸ್ಟೋರ್ಡ್ ಪ್ರೊಸೀಜರ್ ಮಾಡಿಬಿಡಿ, ಸರಿಹೋಗುತ್ತೆ" ಎನ್ನುವ ಹಿರಿಯರೊಬ್ಬರು ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಇದ್ದರು. ಅವರ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ 6.5ರ ಕಾಲದಲ್ಲಿ ಪ್ರೊಸೀಜರಿನ ಪ್ಲ್ಯಾನ್ ಮೆಮೊರಿಯಲ್ಲಿ ಉಳಿಯುತ್ತಿತ್ತು. ಹೊರಗಿನಿಂದ ಬಂದ ಬಿಡಿ ಕ್ವೆರಿಗೆ ಸಾಮಾನ್ಯವಾಗಿ ಪ್ರತಿ ಸಲವೂ ಪ್ಲ್ಯಾನ್ ಹೊಸದಾಗಿ ಆಗಬೇಕಿತ್ತು. 1998ರ 7.0 ಆವೃತ್ತಿ ಬಂದದ್ದೇ ಈ ಭೇದ ಹೋಯಿತು. ಪ್ಯಾರಾಮೀಟರ್ ಇಟ್ಟು ಕಳಿಸಿದ ಕ್ವೆರಿಯ ಪ್ಲ್ಯಾನ್ ಕೂಡ ಹಾಗೆಯೇ ಉಳಿದು ಮತ್ತೆ ಬಳಕೆಯಾಗತೊಡಗಿತು. ಮೈಎಸ್‌ಕ್ಯುಎಲ್‌ನಲ್ಲಂತೂ ಪ್ರೊಸೀಜರಿನೊಳಗಿನ ಕ್ವೆರಿಗೂ ಓಡಿದಾಗಲೆಲ್ಲ ಪ್ಲ್ಯಾನ್ ಹೊಸದೇ.

ಹಾಗಾದರೆ ಲಾಭ ಎಲ್ಲಿ? ಓಡಾಟ ಉಳಿಯುವುದರಲ್ಲಿ. ಅಂಗಡಿಯೊಂದರ ಬಿಲ್ಲಿನಲ್ಲಿ 40 ಸಾಮಾನು ಇದೆ ಎನ್ನಿ. ಒಂದೊಂದಕ್ಕೂ ಸ್ಟಾಕ್ ನೋಡಬೇಕು, ಕಳೆಯಬೇಕು, ಬಿಲ್ಲಿಗೆ ಸಾಲು ಸೇರಿಸಬೇಕು: ಒಟ್ಟು 120 ಸಲ ಸರ್ವರ್‌ಗೆ ಹೋಗಿಬರಬೇಕು. ಸಲಕ್ಕೆ 5 ಮಿಲಿಸೆಕೆಂಡ್ ಎಂದರೂ ದಾರಿಯಲ್ಲೇ 600 ಮಿಲಿಸೆಕೆಂಡ್ ಹೋಯಿತು. ಉಪ್ಪಿಗೊಂದು ಸಲ, ಮೆಣಸಿನಕಾಯಿಗೊಂದು ಸಲ ಸಂತೆಗೆ ಓಡಿದ ಹಾಗೆ! ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮಾಡುತ್ತಿದ್ದರೆ ಅಷ್ಟು ಹೊತ್ತೂ ಆ ಸಾಲುಗಳು ಲಾಕ್ ಆಗಿರುತ್ತವೆ, ಅದೇ ಅಕ್ಕಿಮೂಟೆಗೆ ಬಿಲ್ ಹಾಕುವ ಪಕ್ಕದ ಕೌಂಟರ್ ಕಾಯುತ್ತ ನಿಲ್ಲುತ್ತದೆ. ಪಟ್ಟಿಯನ್ನು ಒಟ್ಟಿಗೇ ಪ್ರೊಸೀಜರಿಗೆ ಕೊಟ್ಟರೆ ಓಡಾಟ ಒಂದೇ, ಲಾಕ್ ಕೂಡ ಬೇಗ ಬಿಡುತ್ತದೆ. ಪ್ರೊಸೀಜರ್ ಬಗ್ಗೆ ನನಗಿರುವ ಪ್ರೀತಿಯೆಲ್ಲ ಇಲ್ಲಿದೆ.

ಬಿಡಿ ಸೆಲೆಕ್ಟ್ ಒಂದನ್ನು ಎತ್ತಿ ಪ್ರೊಸೀಜರಿನೊಳಗೆ ಇಟ್ಟರೆ ಇದ್ಯಾವುದೂ ಸಿಗದು. ಇಂಡೆಕ್ಸ್ ಇರುವ ದಿನಾಂಕದ ಕಾಲಂಗೆ ಇಯರ್ ಫಂಕ್ಷನ್ ಸುತ್ತಿ 2024ಕ್ಕೆ ಹೋಲಿಸಿದರೆ ಇಂಡೆಕ್ಸಿನಲ್ಲಿ ನೇರವಾಗಿ ಆ ವರ್ಷಕ್ಕೆ ಹೋಗಲು ಆಗುವುದಿಲ್ಲ. ಒಳಗಿಟ್ಟರೂ ಅಷ್ಟೇ, ಹೊರಗಿಟ್ಟರೂ ಅಷ್ಟೇ. ಜನವರಿ 1ರಿಂದ ಮುಂದಿನ ಜನವರಿ 1ಕ್ಕೆ ಮೊದಲು ಎಂದು ಬರೆದರೆ ಅದೇ ಇಂಡೆಕ್ಸ್ ಕೆಲಸಕ್ಕೆ ಬರುತ್ತದೆ.

ಉಳಿಸಿಟ್ಟ ಪ್ಲ್ಯಾನ್ ಕೆಲವೊಮ್ಮೆ ತೊಡಕೂ ಆಗುತ್ತದೆ. ನಾನಿದ್ದ ಒಂದು ಕಡೆ, ಊರಿನ ಹೆಸರು ಕೊಟ್ಟರೆ ಗ್ರಾಹಕರ ಬಾಕಿ ತೋರಿಸುವ ಪ್ರೊಸೀಜರ್ ಇತ್ತು. ಕೆಲವು ದಿನ ಚಕ್ಕನೆ ಬರುತ್ತಿತ್ತು, ಕೆಲವು ದಿನ ಬೆಳಗೆಲ್ಲ ತಿಣುಕುತ್ತಿತ್ತು. ಎರಡು ವಾರ ಸರ್ವರನ್ನೇ ಬೈದೆವು. ಕೊನೆಗೆ ಪ್ಲ್ಯಾನ್ ತೆರೆದು ನೋಡಿದರೆ, ಅದು ಸಿದ್ಧವಾಗಿದ್ದದ್ದು ಮಡಿಕೇರಿಗಾಗಿ. ಅವತ್ತು ಮೊದಲು ಕೇಳಿದವರು ಆ ಊರು ಕೊಟ್ಟಿದ್ದರು. ಅಲ್ಲಿ ಗ್ರಾಹಕರು ಕಡಿಮೆ. ಇಂಡೆಕ್ಸ್ ಹಿಡಿದು ಒಂದೊಂದೇ ಸಾಲನ್ನು ಹೆಕ್ಕಿ ತರುವ ದಾರಿ ಸರಿಯಾಗಿಯೇ ಇತ್ತು. ಆಮೇಲೆ ಬೆಂಗಳೂರು ಕೇಳಿದವರಿಗೂ ಅದೇ ದಾರಿ, ಲಕ್ಷಗಟ್ಟಲೆ ಸಾಲು, ಒಂದೊಂದೇ. ಇದನ್ನೇ ಪ್ಯಾರಾಮೀಟರ್ ಸ್ನಿಫಿಂಗ್ ಎನ್ನುತ್ತಾರೆ. ಪೋಸ್ಟ್‌ಗ್ರೆಸ್ ಇಲ್ಲಿ ತುಸು ಹುಷಾರು: ಮೊದಲ ಐದು ಸಲ ಕೊಟ್ಟ ಬೆಲೆಗೆ ತಕ್ಕ ಪ್ಲ್ಯಾನ್ ಮಾಡಿ, ಆಮೇಲೆ ಸಾಮಾನ್ಯ ಪ್ಲ್ಯಾನಿನ ಖರ್ಚಿನೊಡನೆ ತೂಗಿ ನೋಡುತ್ತದೆ. ಎಸ್‌ಕ್ಯುಎಲ್ ಸರ್ವರ್ 2022 ಕೂಡ ಇಂಥ ಕ್ವೆರಿಗೆ ಒಂದಕ್ಕಿಂತ ಹೆಚ್ಚು ಪ್ಲ್ಯಾನ್ ಇಟ್ಟುಕೊಳ್ಳಬಲ್ಲದು.

ನಮ್ಮಲ್ಲಿದ್ದದ್ದು ಹಳೆಯ ಆವೃತ್ತಿ. ಆ ಒಂದು ಕ್ವೆರಿಯ ಕೊನೆಗೆ ರೀಕಂಪೈಲ್ ಆಪ್ಷನ್ ಸೇರಿಸಿದೆವು. ಪ್ಲ್ಯಾನ್ ಮಾಡಲು ಪ್ರತಿ ಸಲ ಒಂದಿಷ್ಟು ಸಿಪಿಯು ಹೋಗುತ್ತದೆ, ಹೋಗಲಿ. ಮರುದಿನ ಬೆಳಿಗ್ಗೆ ಬೆಂಗಳೂರಿನ ಪಟ್ಟಿ ಮಡಿಕೇರಿಯದರ ಹಿಂದೆಯೇ ಬಂತು.