ಅಧಿಕಾರದ ನಶ್ವರತೆ ಮತ್ತು ಹೇಳುವ ಬಾಯಿ: ಶೆಲ್ಲಿಯ ‘ಓಜಿಮಾಂಡಿಯಾಸ್’

ಇಂಗ್ಲಿಷಿನ ರೊಮ್ಯಾಂಟಿಕ್ ಕಾವ್ಯದಲ್ಲಿ ಅಧಿಕಾರದ ನಶ್ವರತೆಯ ಪ್ರಶ್ನೆ ಚರ್ಚೆಗೆ ಬಂದಾಗ ಪಿ.ಬಿ. ಶೆಲ್ಲಿಯ ‘ಓಜಿಮಾಂಡಿಯಾಸ್’ ಸುನೀತವನ್ನು ಉಲ್ಲೇಖಿಸುವುದು ರೂಢಿ. 1818ರ ಜನವರಿ 11ರಂದು ‘ಎಕ್ಸಾಮಿನರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಕವಿತೆಯನ್ನು ಕಾಲದ ಮುಂದೆ ಅರಸೊತ್ತಿಗೆ ನಿಲ್ಲದೆಂಬ ನೀತಿಗೆ ಇಳಿಸಿ ಓದಲಾಗುತ್ತದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ನೋಡಿದರೆ ಇಲ್ಲಿ ಕಲ್ಲಿನ ಸವೆತಕ್ಕಿಂತ ಮಾತಿನ ಹಸ್ತಾಂತರವೇ ಮುಖ್ಯವೆನಿಸುತ್ತದೆ.

ಹದಿನಾಲ್ಕು ಸಾಲುಗಳಲ್ಲಿ ನಿರೂಪಕನ ಸ್ವಂತ ಮಾತು ಎರಡನೆಯ ಸಾಲಿನ ಆರಂಭಕ್ಕೇ ಮುಗಿಯುತ್ತದೆ. ಉಳಿದುದು ದೂರದೇಶದಿಂದ ಬಂದ ಪಯಣಿಗನೊಬ್ಬನ ವರದಿ. ಪೀಠದ ಮೇಲಿನ ಅರಸನ ಗರ್ವೋಕ್ತಿ ಅದರೊಳಗೆ ಅಡಗಿದೆ. ಅರಸನ ಹೆಸರೂ ಬಾಯಿಂದ ಬಾಯಿಗೆ ಬದಲಾದುದೇ. ಈಜಿಪ್ಟಿನ ಎರಡನೆಯ ರಾಮ್ಸೆಸನ ಪಟ್ಟದ ಹೆಸರು ಗ್ರೀಕರ ನಾಲಿಗೆಯಲ್ಲಿ ಹೀಗಾಯಿತು. ಕ್ರಿ.ಪೂ. 1ನೇ ಶತಮಾನದ ಡಯೊಡೊರಸ್ ದಾಖಲಿಸಿದ ಶಾಸನದಲ್ಲಿ ಅರಸ ತನ್ನ ಕೆಲಸಗಳಲ್ಲೊಂದನ್ನಾದರೂ ಮೀರಿಸುವಂತೆ ಸವಾಲು ಹಾಕುತ್ತಾನೆ. ಶೆಲ್ಲಿಯಲ್ಲಿ ಅದು ಬಲಶಾಲಿಗಳಿಗೆ ಹತಾಶರಾಗುವಂತೆ ಕೊಟ್ಟ ಆಜ್ಞೆಯಾಗುತ್ತದೆ. ಸುತ್ತ ಬರಿಯ ಮರಳು ಉಳಿದಾಗ ಅದೇ ಆಜ್ಞೆ ತಿರುಗುಬಾಣವಾಗುತ್ತದೆ. ಸಂದರ್ಭ ಬದಲಾದೊಡನೆ ಪಠ್ಯದ ಅರ್ಥವೂ ಬದಲಾಗುತ್ತದೆಂಬ ಜಾನಪದದ ಮೂಲತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಶೆಲ್ಲಿಯೊಡನೆ ಸ್ನೇಹದ ಸ್ಪರ್ಧೆಯಲ್ಲಿ ಹೊರೇಸ್ ಸ್ಮಿತ್ ಇದೇ ವಸ್ತುವನ್ನು ಕುರಿತು ಬರೆದ ಸುನೀತ ಫೆಬ್ರವರಿ 1ರಂದು ಅದೇ ಪತ್ರಿಕೆಯಲ್ಲಿ ಬಂದಿತು. ಸ್ಮಿತ್ ಮುಂದೊಮ್ಮೆ ಪಾಳುಬೀಳಲಿರುವ ಲಂಡನ್ನನ್ನು ತಾನೇ ಕಲ್ಪಿಸಿ ನೀತಿಯನ್ನು ಬಿಡಿಸಿ ಹೇಳುತ್ತಾನೆ. ಶೆಲ್ಲಿ ಅದನ್ನು ಕೇಳುಗನಿಗೇ ಬಿಡುತ್ತಾನೆ. ಅವನ ಪಾಠ ಹೆಚ್ಚು ಕಾಲ ಉಳಿಯಲು ಈ ಮೌನವೂ ಕಾರಣ.

ಇನ್ನೊಂದು ಸಂಗತಿಯೂ ಗಮನಾರ್ಹ. ಅರಸ ತನ್ನ ದೇಗುಲದ ಗೋಡೆಗಳ ಮೇಲೆ ಕೆತ್ತಿಸಿದ ಚಿತ್ರಲಿಪಿಯನ್ನು ಆಗ ಓದಬಲ್ಲವರೇ ಇರಲಿಲ್ಲ. ಶಾಂಪೊಲ್ಯೋ ಅದನ್ನು ಓದುವ ಬಗೆಯನ್ನು ಪ್ರಕಟಿಸಿದ್ದು 1822ರ ಸೆಪ್ಟೆಂಬರ್‌ನಲ್ಲಿ. ಶೆಲ್ಲಿ ಅದೇ ವರ್ಷದ ಜುಲೈನಲ್ಲಿ ತೀರಿಕೊಂಡಿದ್ದ. ಅರಸನ ಅಕ್ಷರ ಮೂಕವಾಗಿದ್ದಾಗ ಅವನನ್ನು ಉಳಿಸಿದ್ದು ಪರರು ಹೇಳಿದ ಮಾತು.

ಇಷ್ಟಾದರೂ ಕವಿತೆಯ ಒಂದು ಮಿತಿಯನ್ನು ಹೇಳಲೇಬೇಕು. ಅದರ ಮರುಭೂಮಿಯಲ್ಲಿ ಮನುಷ್ಯರಿಲ್ಲ. ರಾಮ್ಸೆಸನ ದೇಗುಲವಾದರೋ ನೈಲ್ ನದಿಯ ಪಶ್ಚಿಮ ದಡದಲ್ಲಿ, ಜನವಸತಿಯ ಸಮೀಪದಲ್ಲೇ ಇದೆ. 1816ರಲ್ಲಿ ಬೆಲ್ಜೋನಿ ಅಲ್ಲಿಂದ ಏಳು ಟನ್ನಿಗೂ ಹೆಚ್ಚು ತೂಕದ ಅರಸನ ಶಿಲಾಮುಖವನ್ನು ಸಾಗಿಸಿದಾಗ ಅದನ್ನು ಹೊಳೆಯವರೆಗೆ ಎಳೆದವರು ಸ್ಥಳೀಯ ರೈತರು. ಕವಿತೆ ಅಚ್ಚಾದ ವರ್ಷವೇ ಅದು ಲಂಡನ್ನನ್ನು ತಲುಪಿತು. ಒಂದು ಪ್ರಭುತ್ವದ ಅಳಿವನ್ನು ಕವಿ ಹಾಡುತ್ತಿದ್ದಾಗ ಇನ್ನೊಂದು ಪ್ರಭುತ್ವ ಅದರ ಅವಶೇಷವನ್ನು ತನ್ನದಾಗಿಸಿಕೊಳ್ಳುತ್ತಿತ್ತು. ಅರಸರು ಬದಲಾದರೂ ಹಗ್ಗ ಹಿಡಿದ ಕೈಗಳು ಬದಲಾಗಲಿಲ್ಲ. ಆ ಕೈಗಳವರು ಅರಸನ ಬಗ್ಗೆ ಏನು ಹೇಳಿಕೊಳ್ಳುತ್ತಿದ್ದರೆಂದು ಪಯಣಿಗ ಕೇಳಲಿಲ್ಲ. ಅಧಿಕಾರದ ನಶ್ವರತೆಯನ್ನು ಕುರಿತ ಯಾವುದೇ ವಿಮರ್ಶೆ ಆ ಕೇಳದ ಪ್ರಶ್ನೆಯಿಂದಲೇ ಆರಂಭವಾಗಬೇಕು.