ನೋಯುವ ಸೊಂಟಕ್ಕೂ ಭಾರ ಬೇಕು

ಸೊಂಟನೋವೆಂದು ವೈದ್ಯರ ಹತ್ತಿರ ಹೋದವರಿಗೆ ಮಾತ್ರೆಯ ಚೀಟಿಯ ಜೊತೆ ಒಂದು ಮಾತೂ ಸಿಗುತ್ತದೆ: ‘ಭಾರ ಎತ್ತಬೇಡಿ.’ ನೋವು ಜೋರಾಗಿರುವ ಹತ್ತು ಹದಿನೈದು ದಿನಕ್ಕೆ ಅದು ಸರಿಯಾದ ಮಾತೇ. ಆದರೆ ನಮ್ಮ ಮನೆಗಳಲ್ಲಿ ಆ ಮಾತಿಗೆ ಗಡುವು ಇರುವುದಿಲ್ಲ. ಗ್ಯಾಸ್ ಸಿಲಿಂಡರ್ ಜರುಗಿಸುವುದು ಮಗನ ಪಾಲಿಗೆ ಹೋಗುತ್ತದೆ, ಅಕ್ಕಿ ಮೂಟೆಯನ್ನು ಅಂಗಡಿಯ ಹುಡುಗನೇ ಒಳಗಿಟ್ಟು ಹೋಗುತ್ತಾನೆ, ತುಂಬಿದ ಬಿಂದಿಗೆಗೆ ಕೈ ಹಾಕಿದರೆ ಮನೆಮಂದಿಯೆಲ್ಲ ಗದರುತ್ತಾರೆ. ಐದು ವರ್ಷ ಕಳೆಯುವಷ್ಟರಲ್ಲಿ ನೋವು ಇದ್ದಲ್ಲೇ ಇರುತ್ತದೆ, ಬಲ ಮಾತ್ರ ಹೋಗಿರುತ್ತದೆ. ಈ ಅಂಕಣದ ಓದುಗರಲ್ಲಿ ಇಂಥವರು ಬಹಳ ಮಂದಿ. ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ನಿಮಗೂ ಭಾರ ಬೇಕು, ಅಳತೆಯಲ್ಲಿ ಬೇಕು. ಹಾಗೆ ಅಳೆದು ಕೊಡಲು ಕೆಟಲ್‌ಬೆಲ್‌ನಷ್ಟು ಒದಗಿಬರುವ ಇನ್ನೊಂದು ಸಲಕರಣೆಯನ್ನು ನಾನು ಕಂಡಿಲ್ಲ.

ಅದರ ಮೂಲವನ್ನು ಹೇಳುವುದೂ ಅಳತೆಯಿಂದಲೇ. ರಷ್ಯಾದ ಸಂತೆಗಳಲ್ಲಿ ಧಾನ್ಯ ತೂಗುತ್ತಿದ್ದ, ಹಿಡಿಯುಳ್ಳ ಎರಕದ ಗುಂಡು ಅದು. ಅಲ್ಲಿ ಗಿರ್ಯಾ ಅನ್ನುತ್ತಾರೆ. ತೂಕದ ಮಾನ ಪೂಡ್. ಒಂದು ಪೂಡ್ ಅಂದರೆ 16.38 ಕಿಲೊ. ಇವತ್ತು ಅಂಗಡಿಯಲ್ಲಿ 16, 24, 32 ಕಿಲೊ ಗುಂಡುಗಳು ಸಾಲಾಗಿ ಕೂತಿರುವುದು ಆ ಹಳೆಯ ಲೆಕ್ಕದಲ್ಲೇ: ಒಂದು ಪೂಡ್, ಒಂದೂವರೆ, ಎರಡು. ಅದೇ ಗುಂಡುಗಳನ್ನು ಎತ್ತಿ ಜನ ಪಂದ್ಯ ಕಟ್ಟಿದರು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡು, ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿದವರಿಗೆ ಆ ಹುರುಪನ್ನು ವರ್ಣಿಸಬೇಕಾಗಿಲ್ಲ. ಇಂಥ ಬಲಪ್ರದರ್ಶನವನ್ನು ಕ್ರಮಬದ್ಧ ವ್ಯಾಯಾಮವಾಗಿ ತಿದ್ದಿದವರಲ್ಲಿ ಮುಖ್ಯರು ಒಬ್ಬ ವೈದ್ಯರು, ವ್ಲಾಡಿಸ್ಲಾವ್ ಕ್ರಾಯೆವ್ಸ್ಕಿ. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹವ್ಯಾಸಿಗಳ ಕೂಟವೊಂದನ್ನು ಕಟ್ಟಿದರು. ಜಗತ್ಪ್ರಸಿದ್ಧ ಕುಸ್ತಿಪಟು ಜಾರ್ಜ್ ಹ್ಯಾಕೆನ್‌ಸ್ಮಿತ್ ಅವರಲ್ಲೇ ಪಳಗಿದರು. ಗುಂಡು ಎತ್ತುವುದನ್ನು ಕಲಿಸಿದವರು ರೋಗಿಗಳ ನಾಡಿ ಹಿಡಿದು ನೋಡುತ್ತಿದ್ದವರು ಎಂಬುದು ನನ್ನ ಮಟ್ಟಿಗೆ ದೊಡ್ಡ ಸಂಗತಿ. ಮಿನ್ಸ್ಕ್‌ನಲ್ಲಿ ಹುಟ್ಟಿದ ಪಾವೆಲ್ ತ್ಸಾತ್ಸುಲಿನ್ 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಇದನ್ನು ಬರೆದು, ಕಲಿಸಿ ಹಬ್ಬಿಸಿದರು. ಈಗ ನಮ್ಮೂರುಗಳ ಜಿಮ್‌ಗಳಲ್ಲೂ ಒಂದು ಮೂಲೆಯಲ್ಲಿ ಗುಂಡುಗಳಿರುತ್ತವೆ, ಬಹುಪಾಲು ಧೂಳು ಹಿಡಿದು.

ನೋವಿಗೂ ಇದಕ್ಕೂ ಇರುವ ನಂಟು ಬರೀ ನಂಬಿಕೆಯದಲ್ಲ. ಡೆನ್ಮಾರ್ಕ್‌ನ ಕೆನೆತ್ ಜೇ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಮೈಕೈ ನೋವು ಹೆಚ್ಚಾಗಿ ಕಾಡುವ ಉದ್ಯೋಗಗಳ 40 ಮಂದಿಯನ್ನು ಆರಿಸಿಕೊಂಡರು. ಹೆಚ್ಚಿನವರು ಹೆಂಗಸರು, ಸರಾಸರಿ ವಯಸ್ಸು 44. ಒಂದು ಗುಂಪು ವಾರಕ್ಕೆ ಮೂರು ಸಲದಂತೆ 8 ವಾರ ಕೆಟಲ್‌ಬೆಲ್ ಬೀಸಿತು. ಅವರಿಗೆ ಕತ್ತು, ಭುಜ, ಸೊಂಟದ ನೋವು ಇನ್ನೊಂದು ಗುಂಪಿಗಿಂತ ಇಳಿಯಿತು, ಬೆನ್ನಿನ ಸ್ನಾಯುಗಳ ಬಲ ಏರಿತು. ದಮ್ಮು ಮಾತ್ರ ಹೆಚ್ಚಲಿಲ್ಲ. ಇದು ಸಣ್ಣ ಪ್ರಯೋಗ, ಇದೊಂದನ್ನೇ ಹಿಡಿದು ಜಯಘೋಷ ಮಾಡುವಂತಿಲ್ಲ. ಆದರೂ ಕತ್ತು ನೋಯುವವರಿಗೆ ಕತ್ತಿನ ವ್ಯಾಯಾಮವನ್ನೇ ಹೇಳದೆ, ಸೊಂಟ ತೊಡೆಗಳಿಂದ ಗುಂಡು ಬೀಸಲು ಹೇಳಿದಾಗ ಕತ್ತು ಹಗುರಾಯಿತಲ್ಲ, ಆ ಫಲವನ್ನು ನಾನು ಬಹಳ ಗೌರವಿಸುತ್ತೇನೆ. ದಮ್ಮು ಬೇಕಾದವರು ಸಂಜೆಯ ನಡಿಗೆಯನ್ನು ಬಿಡಬಾರದು ಎಂಬ ಪಾಠವೂ ಅದರಲ್ಲೇ ಇದೆ.

ಎಲ್ಲಕ್ಕೂ ಮೊದಲು ಕಲಿಯಬೇಕಾದದ್ದು ಬಗ್ಗುವುದು. ನಾಟಿ ಹಾಕುವ ಹೆಂಗಸರನ್ನು ಗದ್ದೆಯ ಬದುವಿನಿಂದ, ಪಕ್ಕಕ್ಕೆ ನಿಂತು ನೋಡಿ. ಮಂಡಿ ಕೊಂಚ ಸಡಿಲ, ಪೃಷ್ಠ ಹಿಂದಕ್ಕೆ, ಬೆನ್ನು ಎಲ್ಲೂ ಗೂನಾಗದೆ ನೆಟ್ಟಗೆ. ಮಡಿಕೆ ಬೀಳುವುದು ತೊಡೆ ಸೇರುವ ಕೀಲಿನಲ್ಲಿ. ದಿನವಿಡೀ ಹಾಗೆ ಬಗ್ಗಿದರೆ ಯಾರ ಸೊಂಟವೂ ದಣಿಯುತ್ತದೆ, ಅದು ಬೇರೆ ಮಾತು. ಆದರೆ ಬಗ್ಗುವ ರೀತಿ ಅದೇ. ಕುರ್ಚಿಯಲ್ಲಿ ಕೂತೇ ಬೆಳೆದ ನಾವು ಕೆಳಗೆ ಬಿದ್ದ ಪೆನ್ನು ಎತ್ತಲೂ ಬೆನ್ನನ್ನೇ ಬಳಸುತ್ತೇವೆ. ತಿದ್ದಿಕೊಳ್ಳಲು ಗೋಡೆ ಸಾಕು. ಗೋಡೆಗೆ ಬೆನ್ನು ಮಾಡಿ ಒಂದು ಪಾದದಷ್ಟು ದೂರ ನಿಲ್ಲಿ. ಒಂದು ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಎರಡು ಹೆಗಲ ಮೂಳೆಗಳ ನಡು, ಬೆನ್ನಿನ ಬುಡ, ಈ ಮೂರು ಕಡೆ ಅದು ತಾಗಿರಬೇಕು. ಈಗ ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸಿ. ಕೋಲು ಎಲ್ಲಾದರೂ ಬಿಟ್ಟಿತೋ, ಬಗ್ಗಿದ್ದು ಬೆನ್ನಿನಿಂದ ಅಂತ ಅರ್ಥ. ಇದು ಕೂಡಿಬಂದ ಮೇಲೆ ಎರಡು ಪಾದಗಳ ನಡುವೆ ಗುಂಡಿಟ್ಟು ಹೀಗೇ ಬಗ್ಗಿ ಎತ್ತುವುದು, ಇಳಿಸುವುದು. ಡೆಡ್‌ಲಿಫ್ಟ್ ಅಂದರೆ ಇಷ್ಟೇ. ಕೆಲವರಿಗೆ ಇದೊಂದರಲ್ಲೇ ಎರಡು ತಿಂಗಳು ಬೇಕಾಗಬಹುದು. ಬೇಕಾದರೆ ಬೇಕು.

ಆಮೇಲೆ ಸ್ವಿಂಗ್. ಗುಂಡು ನಿಮ್ಮಿಂದ ಒಂದಡಿ ಮುಂದಿರಲಿ. ಬಗ್ಗಿ ಎರಡೂ ಕೈಯಲ್ಲಿ ಹಿಡಿದು ಹಿಡಿಯನ್ನು ನಿಮ್ಮತ್ತ ವಾಲಿಸಿ, ತೊಡೆಗಳ ಸಂದಿನಿಂದ ಹಿಂದಕ್ಕೆ ಎಳೆದುಕೊಳ್ಳಿ. ಮುಂಗೈ ಒಳತೊಡೆಗೆ ತಾಗಬೇಕು, ಗುಂಡು ಮಂಡಿಗಿಂತ ಮೇಲೆಯೇ ಹಾಯಬೇಕು. ತಾಗಿದ ಕ್ಷಣಕ್ಕೆ ಥಟ್ಟನೆ ಎದ್ದು ನಿಲ್ಲಿ: ಪೃಷ್ಠ ಬಿಗಿ, ಮಂಡಿಚಿಪ್ಪು ಮೇಲಕ್ಕೆ, ಹೊಟ್ಟೆ ಗಟ್ಟಿ, ಹಲ್ಲಿನ ಸಂದಿನಿಂದ ಚುಟುಕಾಗಿ ಉಸಿರು ಹೊರಗೆ. ಗುಂಡು ತಾನಾಗಿ ಎದೆಮಟ್ಟಕ್ಕೆ ಬಂದು ಒಂದು ಗಳಿಗೆ ತೂಕವೇ ಇಲ್ಲದಂತೆ ನಿಲ್ಲುತ್ತದೆ. ಕೈಗಳು ಅದನ್ನು ಎತ್ತುವುದಿಲ್ಲ. ಬಿಡದೆ ಹಿಡಿದಿರುವುದಷ್ಟೇ ಅವುಗಳ ಕೆಲಸ. ಬೀಳತೊಡಗಿದಾಗ ಅವಸರದಿಂದ ಬಗ್ಗಬೇಡಿ, ಮುಂಗೈ ಹೊಟ್ಟೆಯ ಹತ್ತಿರ ಬರುವವರೆಗೆ ಕಾದು ಆಮೇಲೆ ಪೃಷ್ಠವನ್ನು ಹಿಂದಕ್ಕೆ ಬಿಡಿ. ಆ ಕಾಯುವಿಕೆಯೇ ಇಡೀ ವಿದ್ಯೆಯ ಜೀವ. ಮರುದಿನ ತೊಡೆಯ ಹಿಂಭಾಗ ಮತ್ತು ಪೃಷ್ಠ ಮಿಡುಕಿದರೆ ಸರಿಯಾಗಿ ಮಾಡಿದ್ದೀರಿ. ಸೊಂಟ ಹಿಡಿದುಕೊಂಡರೆ ಇನ್ನೊಂದಷ್ಟು ದಿನ ಗೋಡೆಯ ಹತ್ತಿರವೇ ಇರಿ.

ಎಲ್ಲ ಸೊಂಟಕ್ಕೂ ಸ್ವಿಂಗ್ ಒಗ್ಗುತ್ತದೆ ಎಂದು ನಾನು ಹೇಳುವುದಿಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನಿನ ಅಧ್ಯಯನಕ್ಕೆ ಹೆಸರಾದ ಸ್ಟುವರ್ಟ್ ಮೆಕ್‌ಗಿಲ್ 2012ರಲ್ಲಿ ಇದನ್ನು ಅಳೆದು ನೋಡಿದರು. ನೆಲದಿಂದ ಭಾರ ಎತ್ತುವಾಗ ಕೆಳಬೆನ್ನಿನ ಮೂಳೆಗಳು ಒಂದರ ಮೇಲೊಂದು ಜಾರಲು ನೋಡುವ ದಿಕ್ಕು ಒಂದಾದರೆ, ಸ್ವಿಂಗ್‌ನಲ್ಲಿ ಅದಕ್ಕೆ ತಿರುಗುಮುರುಗು. ಇದರಿಂದ ಸೊಂಟ ಸುಧಾರಿಸಿತು ಎನ್ನುವವರೂ ಕೆರಳಿತು ಎನ್ನುವವರೂ ಇರುವುದಕ್ಕೆ ಇದು ಕಾರಣವಿರಬಹುದು ಎಂದು ಅವರ ಅಂದಾಜು. ಹೀಗಾಗಿ ಡೆಡ್‌ಲಿಫ್ಟ್‌ಗೆ ಸುಮ್ಮನಿದ್ದ ಸೊಂಟ ಸ್ವಿಂಗ್‌ಗೆ ತಕರಾರು ಎತ್ತಿದರೆ ಹಟ ಮಾಡದೆ ಡೆಡ್‌ಲಿಫ್ಟ್‌ನಲ್ಲೇ ಉಳಿಯಿರಿ, ಜೊತೆಗೆ ಒಂದು ಕೈಯಲ್ಲಿ ಗುಂಡು ಹಿಡಿದು ನೆಟ್ಟಗೆ ನಡೆಯಿರಿ. ನೋವು ಮಂಡಿಯ ಕೆಳಗೂ ಇಳಿದು ಕಾಲು ಜೋಮು ಹಿಡಿಯುತ್ತಿದ್ದರೆ, ಪಾದ ಎತ್ತಲು ಆಗದಿದ್ದರೆ ಮೊದಲು ವೈದ್ಯರು. ಮೂತ್ರ ಕಟ್ಟಿಕೊಂಡರೆ, ತೊಡೆಸಂದಿನ ಸುತ್ತ ಸ್ಪರ್ಶ ತಪ್ಪಿದರೆ ಅದೇ ದಿನ ಆಸ್ಪತ್ರೆ. ತೊಡೆಸಂದಿಯಲ್ಲಿ ಗಂಟು ಉಬ್ಬಿ ಇಳಿಯುವ ಹರ್ನಿಯಾ ಇದ್ದವರೂ ಶಸ್ತ್ರವೈದ್ಯರನ್ನು ಕೇಳದೆ ಗುಂಡು ಮುಟ್ಟಬಾರದು.

ಬಿ.ಪಿ. ಇರುವವರ ವಿಷಯ ಬಂದಾಗ ನನ್ನ ದನಿ ಏರುತ್ತದೆ, ಏಕೆಂದರೆ ಇಲ್ಲಿ ತಪ್ಪು ನಡೆಯುವುದು ಕೈಯಲ್ಲಲ್ಲ, ಉಸಿರಿನಲ್ಲಿ. ಉಸಿರು ಬಿಗಿಹಿಡಿದು ಮುಕ್ಕರಿಯುತ್ತಾ ಭಾರ ಎತ್ತಿದಾಗ ರಕ್ತದೊತ್ತಡ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೆಕ್‌ಡೂಗಲ್ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಆರೋಗ್ಯವಂತ ದೇಹದಾರ್ಢ್ಯಪಟುಗಳ ತೋಳಿನ ರಕ್ತನಾಳಕ್ಕೇ ನಳಿಕೆ ಹಾಕಿ ಅಳೆದಾಗ, ಎರಡೂ ಕಾಲಲ್ಲಿ ಭಾರ ಒತ್ತುವ ಹೊತ್ತಿಗೆ ಸರಾಸರಿ 320/250 ಬಂತು. ಅದು ಅವರ ಕಟ್ಟಕಡೆಯ ಶಕ್ತಿಯ ಭಾರ; 8 ಕಿಲೊ ಗುಂಡಿಗೂ ಅದಕ್ಕೂ ಹೋಲಿಕೆಯಿಲ್ಲ. ಆದರೂ ನಿಯಮ ಒಂದೇ: ಶ್ರಮದ ಗಳಿಗೆಯಲ್ಲಿ ಉಸಿರು ಹೊರಗೆ ಹೋಗುತ್ತಿರಬೇಕು. ಸ್ವಿಂಗ್‌ನ ಚುಟುಕು ಉಸಿರು ಇಲ್ಲಿ ಒಳ್ಳೆಯ ಅಭ್ಯಾಸ ಕೊಡುತ್ತದೆ. ಅಳೆದಾಗ 180/110ರ ಮೇಲಿದ್ದರೆ ಔಷಧದಿಂದ ಇಳಿಯುವವರೆಗೆ ಗುಂಡು ಬೇಡ. ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ನಾಡಿ ಏರುವುದೇ ಕಡಿಮೆ, ಹಾಗಾಗಿ ಕೈಗಡಿಯಾರ ತೋರಿಸುವ ನಾಡಿಯನ್ನು ನೆಚ್ಚಬೇಡಿ. ಒಂದು ಉದ್ದನೆಯ ವಾಕ್ಯವನ್ನು ಏದುಸಿರಿಲ್ಲದೆ ಹೇಳಲು ಬಂದ ಮೇಲೆ ಮುಂದಿನ ಸುತ್ತು. ಮುಗಿದೊಡನೆ ಕುಸಿದು ಕೂರದೆ ಎರಡು ನಿಮಿಷ ಅಡ್ಡಾಡಿ. ಎದೆ ಹಿಂಡಿದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

ಶುಗರ್ ಇದ್ದವರಿಗೆ ಸ್ನಾಯುವಿನಷ್ಟು ನಂಬಿಕಸ್ಥ ಗೆಳೆಯ ಇನ್ನೊಂದಿಲ್ಲ. ದುಡಿಯುವ ಸ್ನಾಯು ಇನ್ಸುಲಿನ್ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಆಮೇಲೆ ಒಂದೆರಡು ದಿನ ಇನ್ಸುಲಿನ್‌ಗೂ ಚೆನ್ನಾಗಿ ಸ್ಪಂದಿಸುತ್ತದೆ. ಆ ಕಾರಣಕ್ಕೇ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮೇಲಿರುವವರು ಎಚ್ಚರವಾಗಿರಬೇಕು. ಶುರುಮಾಡುವ ಮುಂಚೆ ಅಳೆದು, 100ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದು ಕಾಯಿರಿ, ಜೇಬಲ್ಲಿ ಗ್ಲೂಕೋಸ್ ಇರಲಿ. ಕಣ್ಣಿನ ಹಿಂಪರದೆಯ ಪರೀಕ್ಷೆ ಮಾಡಿಸಿ ಬನ್ನಿ. ಅಲ್ಲಿ ಹೊಸ ರಕ್ತನಾಳ ಹುಟ್ಟಿ ಸೋರುವ ಹಂತದಲ್ಲಿದ್ದರೆ ಮುಕ್ಕರಿಯುವ ಯಾವ ಕೆಲಸವೂ ಸಲ್ಲದು. ಇನ್ನೊಂದು ಮಾತು. ಕೆಟಲ್‌ಬೆಲ್ ಕಲಿಸುವವರೆಲ್ಲ ಬರಿಗಾಲಲ್ಲಿ ನಿಲ್ಲಿ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೆ ಶುಗರ್‌ನಿಂದ ಪಾದದ ಸ್ಪರ್ಶ ಮಂದವಾದವರಿಗೆ ಇದು ಹೊಂದುವುದಿಲ್ಲ. ಅವರಿಗೆ ಚಪ್ಪಟೆ ಅಟ್ಟೆಯ ಕ್ಯಾನ್ವಾಸ್ ಶೂ.

ಮಂಡಿ ಸವೆದವರು ಬಸ್ಕಿಯೆಂದರೆ ಹೆದರುತ್ತಾರೆ. ಅಮೆರಿಕದ ತರಬೇತುದಾರ ಡಾನ್ ಜಾನ್ ರೂಪಿಸಿದ ಗಾಬ್ಲೆಟ್ ಸ್ಕ್ವಾಟ್‌ನಲ್ಲಿ ಗುಂಡನ್ನು ಎರಡೂ ಅಂಗೈಯಲ್ಲಿ ಎದೆಗೆ ಹಿಡಿದಿರುತ್ತೇವೆ. ಮುಂದಿರುವ ಆ ತೂಕವೇ ಹಿಂದಕ್ಕೆ ಬೀಳದಂತೆ ಕಾಯುವುದರಿಂದ ಬರಿಗೈ ಬಸ್ಕಿಗಿಂತ ಇದು ಹಲವರಿಗೆ ಸುಲಭ. ಹಿಂದೊಂದು ಕುರ್ಚಿಯಿರಲಿ, ಅದನ್ನು ಮುಟ್ಟಿ ಏಳಿ. ನೋವಿಲ್ಲದಷ್ಟು ಎತ್ತರದ ಆಸನದಿಂದ ತೊಡಗಿ ನಿಧಾನವಾಗಿ ತಗ್ಗಿಸುತ್ತಾ ಹೋಗಿ. ಹತ್ತಕ್ಕೆ ಮೂರರಷ್ಟು ನೋವನ್ನು ಒಪ್ಪಿಕೊಳ್ಳಬಹುದು, ಅದು ಮರುದಿನಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆಯ ಪ್ರಮಾಣ ಹೆಚ್ಚಾಯಿತು.

ಟರ್ಕಿಶ್ ಗೆಟ್-ಅಪ್ ಎಂಬುದು ಮಲಗಿದಲ್ಲಿಂದ ಒಂದು ಕೈಯಲ್ಲಿ ಗುಂಡು ಮೇಲೆತ್ತಿ ಹಿಡಿದು ಎದ್ದು ನಿಲ್ಲುವುದು, ಮತ್ತೆ ಹಾಗೇ ಮಲಗುವುದು. ಐವತ್ತು ದಾಟಿದವರಿಗೆ ಇದಕ್ಕಿಂತ ಉಪಯೋಗದ ವ್ಯಾಯಾಮವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮದುವೆಮನೆಯಲ್ಲಿ ನೆಲದ ಪಂಕ್ತಿ ಬಿಟ್ಟು ಟೇಬಲ್ ಹುಡುಕುವವರ ಕಷ್ಟ ಮಂಡಿಯದಷ್ಟೇ ಅಲ್ಲ, ನೆಲದಿಂದ ಏಳುವ ದಾರಿಯನ್ನೇ ಮೈ ಮರೆತಿರುತ್ತದೆ. ಮೊದಲು ಬರಿಗೈಯಲ್ಲಿ, ಆಮೇಲೆ ಮುಷ್ಟಿಯ ಮೇಲೆ ಒಂದು ಶೂ ನಿಲ್ಲಿಸಿಕೊಂಡು, ಅದು ಬೀಳದಂತೆ ಏಳಲು ಬಂದ ಮೇಲೆ 4 ಕಿಲೊ. ಭುಜ ಹಿಡಿದುಕೊಂಡವರು, ಅದರಲ್ಲೂ ಶುಗರ್ ಇದ್ದವರನ್ನು ಹೆಚ್ಚು ಕಾಡುವ ಫ್ರೋಜನ್ ಶೋಲ್ಡರ್‌ನವರು, ತಲೆಯ ಮೇಲೆ ಎತ್ತುವುದನ್ನೆಲ್ಲ ಸದ್ಯಕ್ಕೆ ಬಿಟ್ಟು ಹೊತ್ತು ನಡೆಯಲಿ.

ಮುಟ್ಟು ನಿಂತ ಹೆಂಗಸರಿಗೆ ಅಂಗೈಯಗಲದ ಗುಲಾಬಿ ಡಂಬೆಲ್ ಕೊಟ್ಟು ಕೂರಿಸುವ ಪದ್ಧತಿ ನಿಲ್ಲಬೇಕು. ಆಸ್ಟ್ರೇಲಿಯದಲ್ಲಿ ನಡೆದ ಲಿಫ್ಟ್‌ಮೋರ್ ಪ್ರಯೋಗದಲ್ಲಿ ಮೂಳೆ ತೆಳುವಾದ ಅಂಥ 101 ಹೆಂಗಸರನ್ನು ಆರಿಸಿಕೊಂಡು, ಒಂದು ಗುಂಪಿಗೆ 8 ತಿಂಗಳು, ವಾರಕ್ಕೆ ಎರಡೇ ಸಲ, ಅರ್ಧ ಗಂಟೆ, ಮೇಲ್ವಿಚಾರಣೆಯಲ್ಲಿ ನಿಜವಾದ ಭಾರ ಎತ್ತಿಸಿದರು. ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇ 2.9ರಷ್ಟು ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ 1.2 ಇಳಿಯಿತು. ಅಲ್ಲಿ ಬಳಸಿದ್ದು ಬಾರ್‌ಬೆಲ್, ಆದರೆ ಮೂಳೆಗೆ ಬೇಕಾದ್ದು ಭಾರ. ಸ್ವಿಂಗ್ ಮಾಡುವಾಗ ಮೂತ್ರ ಹನಿಯುತ್ತಿದ್ದರೆ ನಾಚಿಕೆಯಿಂದ ವ್ಯಾಯಾಮ ಬಿಟ್ಟುಬಿಡಬೇಡಿ. ಸ್ತ್ರೀರೋಗ ತಜ್ಞರಿಗೋ ಫಿಸಿಯೋಥೆರಪಿಸ್ಟರಿಗೋ ಹೇಳಿ, ಅಲ್ಲಿಯವರೆಗೆ ಡೆಡ್‌ಲಿಫ್ಟ್ ಸಾಕು.

ಗುಂಡು ಕೊಳ್ಳುವಾಗ ಹಿಡಿಯ ಒಳಗೆ ಬೆರಳಾಡಿಸಿ. ಎರಕದ ಏಣು ಉಳಿದಿದ್ದರೆ ಒಂದೇ ದಿನಕ್ಕೆ ಅಂಗೈ ಕೀಳುತ್ತದೆ. ಒಳಗೆ ಸಿಮೆಂಟ್ ತುಂಬಿದ ಪ್ಲಾಸ್ಟಿಕ್ ಗುಂಡು ತೂಕಕ್ಕೆ ಮೀರಿ ದಪ್ಪಗಿದ್ದು ಮುಂಗೈಗೆ ಬಡಿಯುತ್ತದೆ, ಬೇಡ. ಪಂದ್ಯದ ಉಕ್ಕಿನ ಗುಂಡುಗಳು ಎಲ್ಲ ತೂಕದಲ್ಲೂ ಒಂದೇ ಗಾತ್ರ, ನೋಡಲು ಚಂದ. ಆದರೆ ಹಿಡಿ ಕಿರಿದು, ಎರಡು ಕೈ ಹಿಡಿಸುವುದಿಲ್ಲ. ಮನೆಗೆ ಒಂದೇ ಅಚ್ಚಿನ ಎರಕದ್ದು, ಅಗಲ ಹಿಡಿಯದ್ದು ಒಳ್ಳೆಯದು. ತಕರಾರಿರುವ ಹೆಂಗಸರು 6 ಅಥವಾ 8, ಗಂಡಸರು 12ರಿಂದ ತೊಡಗಬಹುದು.

ತ್ಸಾತ್ಸುಲಿನ್ ಅವರ ಹೆಸರಾಂತ ಕ್ರಮದಲ್ಲಿ ಒಂದು ದಿನಕ್ಕೆ 100 ಸ್ವಿಂಗ್, 10 ಗೆಟ್-ಅಪ್. ನೀವು ಅದನ್ನು ಗುರಿಯೆಂದು ಇಟ್ಟುಕೊಳ್ಳಿ, ಆರಂಭವೆಂದಲ್ಲ. ವಾರಕ್ಕೆ ಮೂರು ದಿನ, ನಿಮಿಷಕ್ಕೊಮ್ಮೆ ಐದು ಸ್ವಿಂಗ್, ಉಳಿದ ಹೊತ್ತು ಉಸಿರು ತಹಬಂದಿಗೆ. ಹೀಗೆ ಐದು ನಿಮಿಷ. ಜ್ವರ ಬಂದ ದಿನ ಏನೂ ಬೇಡ. 8ರಿಂದ 12ಕ್ಕೆ ಹೋಗುವುದೆಂದರೆ ತೂಕ ಒಮ್ಮೆಲೇ ಒಂದೂವರೆ ಪಾಲು ಆದಂತೆ, ಆದ್ದರಿಂದ ಮೊದಲು ಸುತ್ತು ಹೆಚ್ಚಿಸಿ, ಆಮೇಲೆ ಗುಂಡು. ಹೊಸ ಗುಂಡು ಬಂದ ವಾರ ಮೊದಲ ಎರಡು ಸುತ್ತು ಮಾತ್ರ ಅದರಲ್ಲಿ, ಮಿಕ್ಕದ್ದೆಲ್ಲ ಹಳೆಯದರಲ್ಲೇ.