ಎರವಲು ನಾದ ಮತ್ತು ಅಂಕಿತದ ಪ್ರಶ್ನೆ

ವಿದ್ಯುನ್ಮಾನ ಸಂಗೀತವನ್ನು ಕುರಿತ ಚರ್ಚೆಗಳಲ್ಲಿ ಎರಡು ಪಕ್ಷಗಳು ಬಹುಕಾಲದಿಂದ ಎದುರುಬದುರಾಗಿ ನಿಂತಿವೆ. ಮೊದಲೇ ಧ್ವನಿಮುದ್ರಿತವಾದ ನಾದದ ತುಣುಕನ್ನು ಎತ್ತಿಕೊಂಡು ಹೊಸ ಕೃತಿಯಲ್ಲಿ ಕೂಡಿಸುವ ‘ಸ್ಯಾಂಪ್ಲಿಂಗ್’ ಒಂದು ಮಾರ್ಗ. ಸಿಂಥಸೈಸರಿನ ವಿದ್ಯುತ್ ಕಂಪನಗಳಿಂದಲೇ ನಾದವನ್ನು ರೂಪಿಸುವುದು ಇನ್ನೊಂದು ಮಾರ್ಗ. ಮೊದಲನೆಯದು ಎರವಲು, ಎರಡನೆಯದು ಸೃಷ್ಟಿ ಎಂಬ ತೀರ್ಮಾನ ಸಾಮಾನ್ಯವಾಗಿ ಕೇಳಿಬರುತ್ತದೆ. ಮಧ್ಯಕಾಲೀನ ಕನ್ನಡ ಸಾಹಿತ್ಯದ ಅಭ್ಯಾಸಿಗೆ ಈ ವಿಭಜನೆ ಸುಲಭವಾಗಿ ಒಪ್ಪಿಗೆಯಾಗದು.

ವಿಭಜನೆ ಹುಟ್ಟಿದ ಕಡೆಯಲ್ಲಿಯೇ ಅದು ಹೆಚ್ಚು ಕಾಲ ನಿಲ್ಲಲಿಲ್ಲ. ೧೯೪೮ರಲ್ಲಿ ಪ್ಯಾರಿಸ್ಸಿನ ಪಿಯೆರ್ ಶೆಫರ್ ಅವರು ರೈಲುಬಂಡಿಯ ಸದ್ದುಗಳನ್ನು ಮುದ್ರಿಸಿಕೊಂಡು ಅವುಗಳಿಂದಲೇ ಒಂದು ಕೃತಿಯನ್ನು ಕಟ್ಟಿದರು. ೧೯೫೧ರಲ್ಲಿ ಸ್ಥಾಪಿತವಾದ ಕಲೋನ್ ಬಾನುಲಿಯ ಸ್ಟುಡಿಯೋ ಯಂತ್ರಜನ್ಯ ಸ್ವರಗಳನ್ನು ನೆಚ್ಚಿತು. ಆದರೆ ೧೯೫೬ರಲ್ಲಿ ಅದೇ ಸ್ಟುಡಿಯೋದಿಂದ ಹೊರಬಂದ ಸ್ಟಾಕ್‌ಹೌಸನ್ ಅವರ ಕೃತಿಯಲ್ಲಿ ಬಾಲಕನೊಬ್ಬನ ಮುದ್ರಿತ ಕಂಠವೂ ಯಂತ್ರದ ನಾದವೂ ಒಂದಾದವು. ನಮ್ಮಲ್ಲಿಯೂ ಇಂದಿನ ವಿದ್ಯುನ್ಮಾನ ತಂಬೂರಿಗಳಲ್ಲಿ ಕೆಲವು ಶ್ರುತಿಯನ್ನು ಮಂಡಲದಿಂದ ಹುಟ್ಟಿಸುತ್ತವೆ. ಕೆಲವು ನಿಜವಾದ ತಂಬೂರಿಯ ಮುದ್ರಿತ ನಾದವನ್ನು ನುಡಿಸುತ್ತವೆ. ಹಾಡುವವರು ನೋಡುವುದು ಶ್ರುತಿಶುದ್ಧಿಯನ್ನೇ ಹೊರತು ನಾದದ ಜನ್ಮವನ್ನಲ್ಲ.

ಹಾಗಾದರೆ ಎರವಲಿನಲ್ಲಿ ವಿವೇಚಿಸಬೇಕಾದ ಅಂಶ ಯಾವುದು? ಕನ್ನಡದ ಎರಡು ಸಂಕಲನಗಳು ಇದಕ್ಕೆ ಉತ್ತರ ಸೂಚಿಸುತ್ತವೆ. ೧೩ನೆಯ ಶತಮಾನದ ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’ವು ಪೂರ್ವಕವಿಗಳ ಪದ್ಯಗಳನ್ನು ವರ್ಣನೆಗಳಿಗನುಸಾರವಾಗಿ ಜೋಡಿಸಿದ ಗ್ರಂಥ. ಅದರ ಹಲವು ಪದ್ಯಗಳ ಆಕರವನ್ನು ವಿದ್ವಾಂಸರು ಹುಡುಕಿ, ಕೆಲವೆಡೆ ಊಹಿಸಿ ಹೇಳಬೇಕಾಯಿತು. ೧೫ನೆಯ ಶತಮಾನದ ಶಿವಗಣಪ್ರಸಾದಿ ಮಹದೇವಯ್ಯನ ‘ಶೂನ್ಯಸಂಪಾದನೆ’ಯೂ ಅನ್ಯರ ಮಾತುಗಳಿಂದಲೇ ಆದುದು. ಶರಣರ ಬಿಡಿ ವಚನಗಳನ್ನು ಆರಿಸಿ, ನಡುವೆ ತನ್ನ ಗದ್ಯವನ್ನು ಬೆಸೆದು, ಸಂಪಾದಕನು ಹಿಂದೆಂದೂ ಇರದಿದ್ದ ಸಂವಾದನಾಟಕವೊಂದನ್ನು ನಿರ್ಮಿಸಿದನು. ಇದನ್ನು ಸೃಷ್ಟಿಯಲ್ಲವೆನ್ನಲು ಯಾರಿಗೂ ಸಾಧ್ಯವಿಲ್ಲ. ಆದರೂ ಅಲ್ಲಿ ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಮೊದಲಾದ ಅಂಕಿತಗಳು ಅಳಿಯಲಿಲ್ಲ. ಎರವಲು ಪಡೆದ ನುಡಿ ಹೊಸ ಅರ್ಥ ತಳೆಯಿತು. ನುಡಿದವರು ಮಾತ್ರ ಮರೆಯಾಗಲಿಲ್ಲ.

ಈ ಬೆಳಕಿನಲ್ಲಿ ಹೈದರಾಬಾದಿನ ಮರ್ಫಾ ವಾದ್ಯವನ್ನು ಪರಿಶೀಲಿಸಬಹುದು. ನಿಜಾಮರ ಸೇನೆಯಲ್ಲಿ ಸೇವೆಗೆಂದು ಬಂದ ಹದ್ರಮೌತ್ ಮೂಲದ ಅರಬರೂ ಆಫ್ರಿಕಾ ಮೂಲದ ಸಿದ್ದಿಗಳೂ ಬೆಳೆಸಿದ ಈ ತಾಳವಾದನ ನಗರದ ಮದುವೆಗಳ ಅವಿಭಾಜ್ಯ ಅಂಗವಾಯಿತು. ಇಂದು ಇಂಥ ಬಡಿತಗಳು ಡಿಜೆ ಪೆಟ್ಟಿಗೆಗಳಲ್ಲಿ, ಆಕ್ಟಾಪ್ಯಾಡಿನ ಪಟ್ಟಿಗಳಲ್ಲಿ ನೆಲೆಸಿವೆ. ಕೋಲು ಬಿದ್ದೊಡನೆ ಎಂದೋ ಯಾರೋ ಬಾರಿಸಿದ ಚರ್ಮವಾದ್ಯ ನುಡಿಯುತ್ತದೆ. ಆ ‘ಯಾರೋ’ ಎಂಬವರಿಗೆ ಅಂಕಿತವಿಲ್ಲ. ಆಕ್ಟಾಪ್ಯಾಡು ನುಡಿಸುವವರೂ ದುಡಿದುಣ್ಣುವ ಕಲಾವಿದರೇ ಆದುದರಿಂದ ಅವರನ್ನು ದೂಷಿಸುವುದು ಸಲ್ಲದು. ಸಿಂಥಸೈಸರ್ ಬಳಸುವವರು ಕೂಡ ಬಹುಮಟ್ಟಿಗೆ ತಯಾರಕರು ಮೊದಲೇ ತುಂಬಿಟ್ಟ ನಾದಗಳನ್ನೇ ಆಯ್ದುಕೊಳ್ಳುತ್ತಾರೆ. ಕೊರತೆ ಇರುವುದು ಉಪಕರಣದಲ್ಲಲ್ಲ, ಹೆಸರನ್ನು ಕಾಯ್ದಿಡದ ಪದ್ಧತಿಯಲ್ಲಿ.

ಕಾನೂನು ಈ ಕೊರತೆಯನ್ನು ಭಾಗಶಃ ಮಾತ್ರ ತುಂಬಿದೆ. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಧ್ವನಿಮುದ್ರಣದ ಕರ್ತೃ ಅದರ ನಿರ್ಮಾಪಕನೇ. ಆ ಹಕ್ಕಿನ ಅವಧಿ ಪ್ರಕಟಣೆಯ ಅನಂತರ ೬೦ ವರ್ಷ. ೧೯೯೪ರ ತಿದ್ದುಪಡಿ ಪ್ರದರ್ಶಕರಿಗೂ ಹಕ್ಕು ನೀಡಿತಾದರೂ, ಹೆಸರೇ ದಾಖಲಾಗದ ವಾದಕನು ಅದನ್ನು ಯಾವ ಆಧಾರದಿಂದ ಕೇಳಬೇಕು?

ಈ ಪ್ರಶ್ನೆ ಸಂಗೀತ ನಿರ್ದೇಶಕರಿಗಷ್ಟೇ ಸೇರಿದುದಲ್ಲ. ಹೊರನಾಡುಗಳಲ್ಲಿ ಕನ್ನಡ ಜಾನಪದವನ್ನು ಅಭ್ಯಸಿಸುವವರ ಬಳಿಯೂ ಕ್ಷೇತ್ರಕಾರ್ಯದ ಧ್ವನಿಸುರುಳಿಗಳಿವೆ. ಅವು ಡಿಜಿಟಲ್ ರೂಪ ತಳೆದ ಕ್ಷಣದಿಂದ ಯಾರ ಕೃತಿಗಾದರೂ ಕಚ್ಚಾ ಸಾಮಗ್ರಿಯಾಗಬಲ್ಲವು. ಹಾಡಿದವರ ಹೆಸರು, ಊರು, ಒಪ್ಪಿಗೆಯ ಷರತ್ತುಗಳನ್ನು ನಾದದೊಡನೆಯೇ ಬರೆದಿಟ್ಟರೆ ನಾವು ‘ಶೂನ್ಯಸಂಪಾದನೆ’ಯ ದಾರಿಯಲ್ಲಿ ನಡೆದಂತೆ. ಇಲ್ಲವಾದರೆ, ಮುಂದಿನ ವಿದ್ವಾಂಸರಿಗೆ ಊಹೆಯ ಕೆಲಸವನ್ನೇ ಉಳಿಸಿಹೋಗುತ್ತೇವೆ.